ಎಂಟರ ನೆತ್ತಿಯ ಮೇಲಿನ ಕ್ಷ

ಲಕೋಟೆಯ ಮೇಲಿನ ಅರಗಿನ ಮುದ್ರೆ ಅರ್ಧ ಮಾತ್ರ ಉಳಿದಿತ್ತು. ಇನ್ನರ್ಧ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಹಾನಗಲ್ಲಿನ ಫೌಜದಾರ ಮಹಾಲಿಂಗಪ್ಪನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಾಯಿ ಬಿಚ್ಚಿಕೊಂಡಿತ್ತು. ಒಳಗೆ ಪ್ರಶ್ನೆಪತ್ರಿಕೆಗಳು.

“ಮೊದಲ ನೋಡಿದವರು ಯಾರು?”

“ನಾನ ರೀ,” ಎಂದರು ಸರೋಜವ್ವ. ಹೆಣ್ಣುಮಕ್ಕಳ ಶಾಲೆಯ ಮಾಸ್ತರಣಿ. ಇಂದಿನ ಪರೀಕ್ಷೆಗೆ ಹಾನಗಲ್ಲಿನ ಮೇಲ್ವಿಚಾರಕಿ. “ಟ್ರಂಕು ತಗದೆ. ಹಿಂಗ ಇತ್ತು. ಕೈ ಹಚ್ಚದ ನಿಮಗ ಹೇಳಿಕಳಿಸಿದೆ.”

“ಸುಮ್ನ ಪೇಪರು ಹಂಚಿಬಿಟ್ಟಿದ್ರ ಯಾರಿಗೂ ತಿಳೀತಿದ್ದಿಲ್ಲ.”

“ನನಗ ತಿಳೀತಿತ್ತಲ್ರಿ.”

ಫೌಜದಾರರು ತಲೆಯೆತ್ತಿ ಆಕೆಯನ್ನೊಮ್ಮೆ ನೋಡಿದರು. ಇಂಥವರ ಸಾಕ್ಷಿ ಸಿಕ್ಕರೆ ಪೊಲೀಸರ ಅರ್ಧ ಕೆಲಸ ಮುಗಿದಂತೆ.

ಅದು ೧೯೪೪ರ ಬೇಸಿಗೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ವ್ಯಾಪಾರಸ್ಥರು ಕೂಡಿ ಅನ್ನವ್ವ ನಿಧಿ ಎಂದು ಒಂದನ್ನು ಕಟ್ಟಿದ್ದರು. ವರ್ಷಕ್ಕೊಂದು ಮಗುವನ್ನು ಆರಿಸಿ, ಧಾರವಾಡದ ಬೋರ್ಡಿಂಗಿನಲ್ಲಿಟ್ಟು, ಮ್ಯಾಟ್ರಿಕ್ ತನಕ ಓದಿಸುವುದು ಅದರ ಉದ್ದೇಶ. ಆರಿಸಲು ಒಂದು ಪರೀಕ್ಷೆ. ನಾಲ್ಕೂ ಊರಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಪತ್ರಿಕೆ. ಈ ಸಲ ಬೀಜಗಣಿತ. ಅದರಲ್ಲೂ ಮಕ್ಕಳು ಕನಸಿನಲ್ಲಿ ಬೆಚ್ಚಿಬೀಳುವ ಘಾತಾಂಕದ ಸಮೀಕರಣಗಳು.

ಪತ್ರಿಕೆಗಳು ಹುಬ್ಬಳ್ಳಿಯ ಅಚ್ಚುಕೂಟದಿಂದ ನಿನ್ನೆ ಬಸ್ಸಿನಲ್ಲಿ ಬಂದಿದ್ದವು. ಹಾನಗಲ್ಲಿನ ಲಕೋಟೆಯನ್ನು ಇಳಿಸಿಕೊಂಡವನು ಶಾಲೆಯ ಸಿಪಾಯಿ ಮಕ್ತುಮಸಾಬ. ಟ್ರಂಕಿನಲ್ಲಿಟ್ಟು ಕೀಲಿ ಹಾಕಿದವನೂ ಅವನೇ. ಕೀಲಿ ಬೆಳಗಿನವರೆಗೆ ಅವನ ಉಡಿದಾರದಲ್ಲಿಯೇ ಇತ್ತು.

ಮಕ್ತುಮಸಾಬನ ಗಡ್ಡ ನಡುಗುತ್ತಿತ್ತು.

“ಸಾಹೇಬರ, ಬಸ್ಸಿನಿಂದ ಇಳಿಸಿಕೊಂಡೆ, ಶಾಲಿನಾಗ ಸುತ್ತಿದೆ, ತಂದು ಇಟ್ಟೆ. ದೊಡ್ಡವರ ಕಾಗದ, ಮೈಲಿಗಿ ಆಗಬಾರದಂತ ಸುತ್ತಿದ್ದೆ. ಮುದ್ರಿ ಕಡೆ ನೋಡಲೇ ಇಲ್ರಿ.”

“ನೋಡಬೇಕಾಗಿತ್ತು.”

“ಹೌದ್ರಿ. ನೋಡಬೇಕಾಗಿತ್ತು.”

ಫೌಜದಾರರು ಮೊಣಕಾಲೂರಿ ನೆಲ ನೋಡಿದರು. ಹಿಂದಿನ ದಿನವಷ್ಟೇ ಸೆಗಣಿ ಸಾರಿಸಿದ ನೆಲ. ಟ್ರಂಕಿನ ತಳ ತಡವಿದರು. ಮೂಲೆಮೂಲೆಗೆ ಬೆರಳಾಡಿಸಿದರು. ಅರಗು ಒಡೆದರೆ ಕೆಂಪು ಪುಡಿ ಉದುರಲೇಬೇಕು. ಇಲ್ಲಿ ಒಂದು ಸಾಸಿವೆಯಷ್ಟೂ ಇರಲಿಲ್ಲ.

ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಎದ್ದರು.

ಹೊರಗೆ ಪಡಸಾಲೆಯಲ್ಲಿ ಮಕ್ಕಳು ಬರೆಯುವ ಟಾಕು ಹಿಡಿದು ಕಾಯುತ್ತಿದ್ದರು. ಒಬ್ಬಳೇ ಹುಡುಗಿ. ಆಡೂರಿನ ಅಡಿವೆವ್ವ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ತುಟಿಗಳೂ ಅಷ್ಟೇ ಬಿಗಿ.

“ಪರೀಕ್ಷಾ ನಿಲ್ಲಸೋಣೇನ್ರಿ?” ಸರೋಜವ್ವ ಕೇಳಿದರು.

“ಮಕ್ಕಳ ತಪ್ಪೇನೈತಿ? ಬರೀಲಿ. ಪಂಚನಾಮೆ ನಾ ಮಾಡ್ತೇನಿ.”

*

ಫಲಿತಾಂಶ ಬಂತು. ಅದರ ಬೆನ್ನಿಗೇ ಶಿಗ್ಗಾಂವಿಯಿಂದ ಕುಬೇರಪ್ಪನವರೂ ಬಂದರು. ಹತ್ತಿಯ ವ್ಯಾಪಾರಿ, ನಿಧಿಯ ಸೆಕ್ರೆಟರಿ. ಠಾಣೆಯ ಬೆಂಚಿನ ಮೇಲೆ ಕೂತು ರುಮಾಲು ತೆಗೆದು ಬೆವರೊರೆಸಿಕೊಂಡರು.

“ಫೌಜದಾರ್ರ, ಈ ಮುದ್ರಿ ಪ್ರಕರಣ ಲಗೂ ಮುಗಸ್ರಿ. ಮೊದಲ ನಂಬರು ನಮ್ಮ ಶಿಗ್ಗಾಂವಿಗೆ ಬಂದೈತಿ. ಗುದ್ಲೆಪ್ಪ. ನಮ್ಮ ಅಕ್ಕನ ಮಗ ಅನ್ರಿ. ಎಲ್ಲಾ ಲೆಕ್ಕ ಬರೋಬ್ಬರಿ.”

“ಶಾಣ್ಯಾ ಹುಡುಗ.”

“ಎರಡನೇದು ನಿಮ್ಮ ಅಡಿವೆವ್ವ. ಒಂದ ಲೆಕ್ಕ ತಪ್ಪು.”

“ಹಂಗಾದ್ರ ಗುದ್ಲೆಪ್ಪಗ ಕೊಟ್ಟು ಕೈ ತೊಳಕೋರಿ. ತೊಡಕೇನು?”

“ಸದಸ್ಯರು ಕೇಳಾಕತ್ತಾರ. ಪೇಪರು ಒಡದಿದ್ರ ನಾಕೂ ಊರಾಗ ಇನ್ನೊಮ್ಮೆ ಪರೀಕ್ಷಾ ಆಗಲಿ ಅಂತಾರ. ಒಬ್ಬನ ತಪ್ಪಿಗೆ ಎಲ್ಲಾ ಮಕ್ಕಳಿಗೆ ಯಾಕ ಶಿಕ್ಷಾ? ಹಾನಗಲ್ಲಿನಾಗ ಕಳ್ಳ ಯಾರಂತ ನೀವು ಬರದುಕೊಟ್ರ, ಹಾನಗಲ್ಲಿನ ಹೆಸರಷ್ಟ ಹೊಡದು ಹಾಕ್ತೇವಿ. ಉಳದದ್ದು ಹಂಗ ನಿಲ್ತದ.”

“ಕಳ್ಳ ಯಾರಂತೀರಿ?”

“ಸಿಪಾಯಿ. ಮತ್ತ ಆ ಹುಡಿಗಿ. ಆಕಿ ಇರೋ ಚಿಗವ್ವನ ಮನಿ, ಅವನ ಮನಿ, ಒಂದ ಗೋಡಿ. ಪರೀಕ್ಷಾದ ಹಿಂದಿನ ಸಂಜಿಗೆ ಶಾಲಿನೊಳಗಿಂದ ಅದೇನೋ ತಗದು ಆಕಿ ಕೈಯಾಗ ಇಟ್ಟಾನಂತ. ಓಣಿ ಮಂದಿ ನೋಡ್ಯಾರ.”

ಫೌಜದಾರರು ಚಹಾ ತರಿಸಿದರು. ಕುಬೇರಪ್ಪನವರು ಕುಡಿಯಲಿಲ್ಲ. ಲೋಟ ಆರುವ ತನಕ ಅದನ್ನೇ ನೋಡುತ್ತ ಕೂತು, ಎದ್ದು ಹೋದರು.

*

ಮಕ್ತುಮಸಾಬನನ್ನು ಠಾಣೆಗೆ ಕರೆಸಿದರು.

“ಶಾಲಿನಾಗಿಂದ ಏನು ಕೊಟ್ಟಿ?”

“ಏನಿಲ್ರಿ.”

“ಮಂದಿ ನೋಡ್ಯಾರ.”

“ನೋಡ್ಯಾರಂದ್ರ ನೋಡಿರಬೇಕ್ರಿ.”

“ಹೇಳಲಿಲ್ಲಂದ್ರ ಒಳಗ ಹಾಕಬೇಕಾಗ್ತದ, ಮಕ್ತುಮ.”

“ಹಾಕ್ರಿ ಸಾಹೇಬರ. ಹುಡಿಗೀನ್ನ ಮಾತ್ರ ಕೇಳಬ್ಯಾಡ್ರಿ.”

ಕಳ್ಳರು ಸುಳ್ಳು ಹೇಳುವುದು ತಮ್ಮ ಮೈ ಉಳಿಸಿಕೊಳ್ಳಲು. ಇವನ ಸುಳ್ಳು ಬೇರೆ ಯಾರದೋ ಮೈ ಉಳಿಸಲಿಕ್ಕಿದೆ. ಫೌಜದಾರರಿಗೆ ಅಷ್ಟು ಹೊಳೆಯಿತು. ಆದರೆ ಸತ್ಯ ಮಾತ್ರ ಹೊಳೆಯಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಸರೋಜವ್ವ. ಅವರ ಸೆರಗಿನ ಹಿಂದೆ ಅಡಿವೆವ್ವ. ಹುಡುಗಿ ಒಳಗೆ ಬಂದವಳೇ ಮುಂದೆ ನಿಂತುಬಿಟ್ಟಳು.

“ಚಿಮಣಿ ಎಣ್ಣಿ ಕೊಟ್ಟಾನ್ರಿ ಮಕ್ತುಮ ಮಾಮಾ. ಒಂದು ಬಾಟ್ಲಿ. ಅವರ ರೇಶನ್ನಿನದು.”

“ಏ ಹುಡಿಗೀ!” ಮಕ್ತುಮಸಾಬ ಕೂಗಿದ.

“ಯಾಕ ಮುಚ್ಚಿಡ್ತಿ?” ಫೌಜದಾರರು ಕೇಳಿದರು.

“ರೇಶನ್ ಎಣ್ಣಿ ಇನ್ನೊಬ್ಬರಿಗೆ ಕೊಡೋದು ಗುನ್ಹೆ ಅಂತ ಡಂಗುರ ಹೊಡದಾರಲ್ರಿ. ತಗೊಂಡಾಕಿಗೂ ಸಜಾ ಅಂತ. ನೀವ ಹೊಡಸೀರಿ.”

ಫೌಜದಾರರು ಕೆಮ್ಮಿದರು. ಕಾಗದಗಳನ್ನು ಅತ್ತಿಂದಿತ್ತ ಸರಿಸಿದರು.

“ಮತ್ತ ನಿನ್ನ ಮನಿಯಾಗ ದೀಪ?”

“ಮುದುಕಗ ಯಾಕ್ರಿ ದೀಪ? ಕತ್ತಲಿ ಆದ್ರ ಮಕ್ಕೋತೇನಿ. ಆಕಿ ಓದಬೇಕಲ್ರಿ.”

ಸರೋಜವ್ವ ಮುಖ ಆಚೆ ತಿರುಗಿಸಿದರು. ಫೌಜದಾರರು ಪೆನ್ನಿನ ಮುಚ್ಚಳ ಹಾಕಿದರು. ಆ ಮಾತು ಯಾವ ಕಾಗದದ ಮೇಲೂ ಬರಲಿಲ್ಲ.

“ಮುದ್ರಿ ನಾವು ಒಡದಿಲ್ರಿ,” ಎಂದಳು ಅಡಿವೆವ್ವ. “ಮತ್ತ ಆ ಲೆಕ್ಕಾನೂ ತಪ್ಪಿಲ್ರಿ. ಏಳನೇದು. ತಪ್ಪು ಅಂತ ಯಾಕ ಹಾಕ್ಯಾರೋ ಗೊತ್ತಿಲ್ಲ. ಹತ್ತು ಸಲ ಮಾಡಿ ನೋಡೇನಿ. ಹಂಗ ಬರ್ತದ.”

“ಅದಿರಲಿ. ಊರಾಗ ನಿಮ್ಮಪ್ಪ ಏನಂತಾನ?”

ಹುಡುಗಿ ನೆಲ ನೋಡಿದಳು. ಉತ್ತರ ಸರೋಜವ್ವ ಹೇಳಿದರು.

“ದ್ಯಾಮಪ್ಪ ಒಳ್ಳೇ ಮನಷ್ಯಾ ರೀ. ಆದ್ರ ಕಳ್ಳಿ ಅನಿಸಿಕೊಂಡು ಸಾಲಿಗೆ ಹೋಗೋದು ಬ್ಯಾಡ, ಮನಿಗೆ ಬಾ ಅಂದಾನ. ಹೋದ್ಲಂದ್ರ ತಿರುಗಿ ಬರೋದಿಲ್ಲ.”

ಅವರು ಹೋದ ಮೇಲೆ ಫೌಜದಾರರು ಪೇದೆ ಅಲ್ಲಾಭಕ್ಷನನ್ನು ಕರೆದರು.

“ಅಲ್ಲಾಭಕ್ಷ, ಪೇಪರು ಕದ್ದು ನೋಡಿದಾಕಿ ಲೆಕ್ಕ ತಪ್ಪು ಮಾಡ್ತಾಳೇನು?”

“ನಾನಾದ್ರ ಕದ್ದರೂ ತಪ್ಪ ಮಾಡ್ತಿದ್ದೆ ಸಾಹೇಬರ.”

“ನೀನಲ್ಲೋ. ನೀ ಕಳ್ಳತನಾನೂ ಬರೋಬ್ಬರಿ ಮಾಡಾವಲ್ಲ. ಧಾರವಾಡಕ್ಕ ಹೋಗು. ಪರೀಕ್ಷಕರ ಕಡಿಂದ ನಾಕೂ ಊರಿನ ಉತ್ತರಪತ್ರಿಕಾ ತಗೊಂಡು ಬಾ. ಅವರ ಹತ್ರ ಸರಿಯುತ್ತರದ ಹಾಳಿ ಇರ್ತದ, ಅದನ್ನೂ.”

*

ತಾವು ಮಾತ್ರ ಬಸ್ ನಿಲ್ದಾಣಕ್ಕೆ ಹೋದರು.

ಯುದ್ಧದಲ್ಲಿ ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೆ ಇದ್ದಿಲಿನ ಭಟ್ಟಿ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದ ಕಾಲ. ಕಂಡಕ್ಟರ್ ಮಾರೆಪ್ಪ ಭಟ್ಟಿಗೆ ಗಾಳಿ ತಿರುವುತ್ತಿದ್ದ. ಮೋರೆಯೆಲ್ಲ ಮಸಿ, ನಕ್ಕರೆ ಹಲ್ಲು ಮಾತ್ರ ಕಾಣುತ್ತಿತ್ತು.

“ಪರೀಕ್ಷಾದ ಲಕೋಟಿ ಎಲ್ಲಿ ಇಟ್ಟಿದ್ದೆಪಾ?”

“ಹಿಂದಿನ ಸೀಟಿನ ಮ್ಯಾಲ್ರಿ. ಗೋಣಿತಟ್ಟು ಹಾಸಿ, ಒಂದರ ಮ್ಯಾಲೊಂದು. ಎಲ್ಲಕ್ಕಿಂತ ಕೆಳಗ ಹಿರೇಕೆರೂರಿಂದು, ಅದರ ಮ್ಯಾಲೆ ಹಾನಗಲ್ಲಿಂದು, ಅದರ ಮ್ಯಾಲೆ ಸವಣೂರು, ಶಿಗ್ಗಾಂವಿ. ಇಳಿಸೋ ಸರತಿ ಹಂಗ ಐತಲ್ರಿ.”

“ಮುದ್ರಿ ಮ್ಯಾಲ ಮಾಡಿ ಇಟ್ಟಿದ್ಯೋ?”

“ಇಲ್ರಿ, ಬೋರಲ ಹಾಕಿದ್ದೆ. ಮ್ಯಾಲ ಇದ್ರ ಮಂದಿ ಕೈಯಾಡಸ್ತಾರ. ಕೆಂಪಗ ಚಂದ ಕಾಣ್ತದಲ್ರಿ ಅದು. ಜ್ವಾಕಿ ಮಾಡಿದೆ.”

“ಹಿಂದಿನ ಸೀಟಂದ್ರ ಭಟ್ಟಿ ಹತ್ರ ಅಲ್ಲೇನು?”

“ಬೆನ್ನಿಗೆ ಬೆನ್ನು ರೀ. ಸವಣೂರು ದಾಟಿದ ಮ್ಯಾಲ ಭಟ್ಟಿ ಕೈ ಕೊಡ್ತು. ಹೊಸಾ ಇದ್ದಲಿ ತುಂಬಿ ಊದಿ ಊದಿ ಸಾಕಾತು. ಅಲ್ಲಿ ಒಬ್ಬಾಕಿ ಅಜ್ಜಿ ಕುಂತಿದ್ಲು, ಆಕಿ ಬುಟ್ಟಿಯಾಗಿನ ಬೆಲ್ಲ ಕರಗಿ ಸೀರಿಗೆ ಹತ್ತಿ, ನನಗ ಬೈದದ್ದ ಬೈದದ್ದು!”

ಫೌಜದಾರರು ಮಾರೆಪ್ಪನ ಮಸಿ ಭುಜದ ಮೇಲೆ ಕೈಯಿಟ್ಟರು. ಅದೇ ಬಸ್ಸು ಹತ್ತಿ ಹಿರೇಕೆರೂರಿಗೆ ಹೋದರು.

ಅಲ್ಲಿಯ ಹೆಡ್‌ಮಾಸ್ತರ ಗೋಣೆಪ್ಪನವರು ಏನನ್ನೂ ಎಸೆಯುವವರಲ್ಲ. ಖಾಲಿ ಲಕೋಟೆಗಳನ್ನು ಬಿಡಿಸಿ ಒಳಮೈಯಲ್ಲಿ ಬರೆಯುತ್ತಿದ್ದರು. ಕಾಗದವೂ ತುಟ್ಟಿಯಾದ ಕಾಲವಲ್ಲವೇ. ನಿಧಿಯ ಲಕೋಟೆ ಕಪಾಟಿನಲ್ಲಿ ಹಾಗೆಯೇ ಇತ್ತು.

“ನಮ್ಮ ಮುದ್ರಿ ಸಾಬೂತ ಇತ್ರಿ. ಬರೇ ಗೋಣಿ ನಾರು ಹತ್ತಿತ್ತು,” ಎಂದರು.

“ಬೆನ್ನು ತೋರಸ್ರಿ.”

ಲಕೋಟೆಯನ್ನು ಮಗುಚಿದರು. ಬೆನ್ನಿಗೆ ಅಂಟಿಕೊಂಡು ಕೂತಿತ್ತು ಕೆಂಪು ಅರಗಿನ ಚೂರು. ಫೌಜದಾರರು ಜೇಬಿನಿಂದ ಹಾನಗಲ್ಲಿನ ಲಕೋಟೆ ತೆಗೆದು ಪಕ್ಕಕ್ಕೆ ಹಿಡಿದರು. ಮುರಿದ ಅಂಚಿಗೆ ಮುರಿದ ಅಂಚು ಕೂಡಿತು. ಮುದ್ರೆಯ ದುಂಡು ಪೂರ್ತಿಯಾಯಿತು.

“ಭಟ್ಟಿ ಕಾವಿಗೆ ಅರಗು ಮೆತ್ತಗಾತು,” ಎಂದರು ಫೌಜದಾರರು, ತಮಗೇ ಹೇಳಿಕೊಂಡಂತೆ. “ಹಾನಗಲ್ಲಿನ ಮುದ್ರಿ ಕೆಳಗಿದ್ದ ನಿಮ್ಮ ಲಕೋಟಿಗೆ ಕಚ್ಚಿಕೊಳ್ತು. ಮಾರೆಪ್ಪ ಹಾನಗಲ್ಲಿಂದನ್ನ ಎಳದು ಕೊಟ್ಟಾಗ ಅರ್ಧ ಇಲ್ಲೇ ಉಳೀತು.”

“ಅಂದ್ರ ಕಳ್ಳತನ ಆಗೇ ಇಲ್ಲ?”

“ಹಾನಗಲ್ಲಿನಾಗ ಆಗಿಲ್ಲ.”

ಬಾಯಿಂದ ಬಿದ್ದ ಮೇಲೆ ಅವರಿಗೇ ಆ ಮಾತು ವಿಚಿತ್ರವೆನಿಸಿತು. ಹಾನಗಲ್ಲಿನಲ್ಲಿ ಆಗಿಲ್ಲ. ಮತ್ತೆಲ್ಲಿಯಾದರೂ? ಎಲ್ಲ ಮಕ್ಕಳಿಗೂ ಇನ್ನೊಂದು ಪರೀಕ್ಷೆ ಕೊಡುವುದು ದೊಡ್ಡ ಕಷ್ಟವೇನಲ್ಲ. ಕುಬೇರಪ್ಪನವರು ಅದಕ್ಕೆ ಅಷ್ಟು ಬೆವರಿದ್ದು ಯಾಕೆ?

*

ಉತ್ತರಪತ್ರಿಕೆಗಳ ಗಂಟು ಬಂತು. ಫೌಜದಾರರು ಅದನ್ನು ಹೊತ್ತು ಸರೋಜವ್ವನ ಮನೆಗೆ ನಡೆದರು.

“ನನಗ ಬೀಜಗಣಿತ ಬರೂದಿಲ್ರಿ. ಮ್ಯಾಟ್ರಿಕ್ಕಿನಾಗ ಅದರಿಂದನ ಮೂರು ಸಲ ಬಿದ್ದೇನಿ. ಏಳನೇ ಲೆಕ್ಕ ತಿಳಿಸ್ರಿ. ಕಳ್ಳಗ ಹೇಳಿದಂಗ ಹೇಳ್ರಿ, ನಿಧಾನ.”

ಸರೋಜವ್ವ ನಕ್ಕು ಮೊದಲು ಅವಲಕ್ಕಿ ತಂದಿಟ್ಟರು. ಆಮೇಲೆ ಅಚ್ಚಾದ ಪತ್ರಿಕೆ ತೆಗೆದರು.

“ನೋಡ್ರಿ. ಎಂಟು. ಅದರ ನೆತ್ತಿ ಮ್ಯಾಲ ಸಣ್ಣದೊಂದು ಕ್ಷ. ಇದು ಎರಡಕ್ಕ ಸಮ. ಹಂಗಾದ್ರ ಕ್ಷ ಎಷ್ಟು?”

“ನೆತ್ತಿ ಮ್ಯಾಲ ಯಾಕ ಕುಂತೈತಿ ಅದು?”

“ಅದ ಘಾತ ರೀ.”

“ಘಾತ ನಮ್ಮ ಇಲಾಖೆ ಮಾತಾತಲ್ರಿ!”

“ಇಲ್ಲಿ ಯಾರೂ ಸಾಯೂದಿಲ್ಲ. ಒಂದು ಅಂಕಿನ ಎಷ್ಟು ಸಲ ಗುಣಿಸಬೇಕು ಅಂತ ಹೇಳ್ತದ ಅಷ್ಟ. ಎರಡು ಎರಡಲೆ ನಾಕು, ನಾಕು ಎರಡಲೆ ಎಂಟು. ಅಂದ್ರ ಎಂಟು ಅನ್ನೋ ಮನಿಯಾಗ ಮೂರು ಎರಡು ವಾಸ ಮಾಡ್ತಾವ. ಬಲಗಡೆ ಎಷ್ಟು ಎರಡು ಅದಾವ?”

“ಒಂದ.”

“ಮೂರರಾಗ ಒಂದು. ಕ್ಷ ಅಂದ್ರ ಮೂರನೇ ಒಂದು ಪಾಲು. ಮುಗೀತು.”

ಫೌಜದಾರರು ಬೆರಳು ಮಡಚಿದರು, ಬಿಚ್ಚಿದರು. “ಇಷ್ಟನ? ನಮ್ಮ ಮಾಸ್ತರು ಹಿಂಗ ಹೇಳಿದ್ರ ನಾ ಇವತ್ತು ಮಾಮಲೇದಾರ ಆಗಿರ್ತಿದ್ದೆ. ಅಡಿವೆವ್ವ ಏನು ಬರದಾಳ?”

“ಮೂರನೇ ಒಂದು. ಹೆಜ್ಜಿ ಹೆಜ್ಜಿ ಬರದಾಳ. ಆದ್ರೂ ಕೆಂಪು ಕಾಟು ಹೊಡದಾರ!”

“ಪರೀಕ್ಷಕರ ಹಾಳಿ ನೋಡ್ರಿ.”

ಸರೋಜವ್ವ ಸರಿಯುತ್ತರದ ಹಾಳೆ ಬಿಡಿಸಿದರು. ಪರೀಕ್ಷಕರ ಸ್ವಂತ ಕೈಬರಹ. ಓದುತ್ತ ಅವರ ಹುಬ್ಬು ಕೂಡಿತು.

“ಇಲ್ಲಿ ಬಲಗಡೆ ಮೂವತ್ತೆರಡು ಐತ್ರಿ. ಎರಡಲ್ಲ! ಮೂವತ್ತೆರಡರಾಗ ಐದು ಎರಡು ಅದಾವ. ಉತ್ತರ ಮೂರನೇ ಐದು ಪಾಲು ಅಂತ ಬರದಾರ.”

ಇಬ್ಬರೂ ಅಚ್ಚಾದ ಪತ್ರಿಕೆಯ ಮೇಲೆ ಬಾಗಿದರು. ಎರಡರ ಹಿಂದೆ ಸ್ವಲ್ಪ ಜಾಗ ಖಾಲಿ ಇತ್ತು. ಹಲ್ಲು ಬಿದ್ದ ವಸಡಿನ ಹಾಗೆ.

“ಅಚ್ಚಿನ ಮೊಳಿ ಬಿದ್ದದ,” ಎಂದರು ಸರೋಜವ್ವ. “ಮೂರು ಉದುರಿ ಬರೇ ಎರಡು ಉಳದದ. ಪರೀಕ್ಷಕರು ಅಚ್ಚಾದದ್ದು ನೋಡೇ ಇಲ್ಲ. ತಮ್ಮ ಹಾಳಿ ಹಿಡಕೊಂಡು ತಿದ್ದಿಬಿಟ್ಟಾರ. ಪಾಪ, ಅಡಿವೆವ್ವ!”

ಫೌಜದಾರರು ಅವಲಕ್ಕಿಯ ತಟ್ಟೆ ದೂರ ಸರಿಸಿದರು.

“ಬಾಕಿ ಹುಡುಗರು ಏನು ಬರದಾರ?”

ಹಾಳೆಗಳು ಮಗುಚತೊಡಗಿದವು. ಕೆಲವರು ಆ ಲೆಕ್ಕವನ್ನು ಮುಟ್ಟಿರಲಿಲ್ಲ. ಮುಟ್ಟಿ ಗೆದ್ದವರೆಲ್ಲ ಮೂರನೇ ಒಂದು. ಸವಣೂರಿನಲ್ಲೂ, ಹಿರೇಕೆರೂರಿನಲ್ಲೂ. ಎಲ್ಲದರ ಮೇಲೂ ಕೆಂಪು ಕಾಟು.

ಒಂದರ ಮೇಲೆ ಮಾತ್ರ ಇರಲಿಲ್ಲ. ಮೂರನೇ ಐದು. ಹೆಜ್ಜೆಗಳೂ ಚೊಕ್ಕ. ಮೊದಲ ಸಾಲಿನಲ್ಲೇ ದುಂಡಗೆ ಬರೆದಿತ್ತು, ಮೂವತ್ತೆರಡು.

“ಪೇಪರಿನಾಗ ಇಲ್ಲದ ಲೆಕ್ಕ,” ಎಂದರು ಫೌಜದಾರರು ಮೆಲ್ಲಗೆ. “ಅದಕ್ಕ ಬರೋಬ್ಬರಿ ಉತ್ತರ.”

ಸರೋಜವ್ವ ಮೇಲಿನ ಹೆಸರು ಓದಿದರು. ಹಾಳೆಯನ್ನು ಫೌಜದಾರರ ಕಡೆ ತಿರುಗಿಸಿದರು.

*

ಗುದ್ಲೆಪ್ಪ ಶಿಗ್ಗಾಂವಿಯಲ್ಲಿ ಮಾವನ ಜಿನ್ನಿಂಗ್ ಶೆಡ್ಡಿನ ಹಿಂದೆ ಸಿಕ್ಕ. ಬಿಚ್ಚಿಹಾಕಿದ ಪಂಪಿನ ಮುಂದೆ ಕೂತು ಒಂದೊಂದೇ ಬೋಲ್ಟಿಗೆ ಎಣ್ಣೆ ಹಚ್ಚುತ್ತಿದ್ದ. ಪೊಲೀಸ್ ಟೊಪ್ಪಿಗೆ ಕಂಡು ಎದ್ದು ನಿಂತ.

“ಕೂಡ್ರು, ಕೂಡ್ರು. ಯಾರು ಬಿಚ್ಚಿದ್ರು ಇದನ್ನ?”

“ನಾನ ರೀ. ಮಿಸ್ತ್ರಿ ಆಗೂದಿಲ್ಲ ಅಂದ. ಆಗ್ತದ ಅನಿಸ್ತು ನನಗ.”

“ಗುದ್ಲೆಪ್ಪ, ಒಂದು ಲೆಕ್ಕ ಹೇಳು. ಎಂಟರ ನೆತ್ತಿ ಮ್ಯಾಲ ಕ್ಷ, ಸಮ ಮೂವತ್ತೆರಡು.”

ಹುಡುಗ ಕಣ್ಣು ಮುಚ್ಚಿದ. ಮಗ್ಗಿ ಒಪ್ಪಿಸುವ ರಾಗದಲ್ಲಿ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಒಂದೂ ತಪ್ಪಿಲ್ಲ.

“ಭೇಷ್. ಈಗ ಎಂಟರ ನೆತ್ತಿ ಮ್ಯಾಲ ಕ್ಷ, ಸಮ ಹದಿನಾರು.”

ಕಣ್ಣು ತೆರೆದುಕೊಂಡವು.

“ಅದು ಕಲಸಿಲ್ರಿ.”

ಫೌಜದಾರರು ಬೈಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಂದು ಬೋಲ್ಟು ಎತ್ತಿ ಕೈಗೆ ಕೊಟ್ಟರು. ಹುಡುಗನ ಕಣ್ಣಿನಿಂದ ನೀರು ಇಳಿಯಿತು.

“ಮಾವ ಲೆಕ್ಕ ಬರಸಿ ಬಾಯಿಪಾಠ ಮಾಡಸಿದ್ರಿ. ರೂಢಿಗೆ ಅಂದ್ರು. ಪರೀಕ್ಷಾದಾಗ ನೋಡತೇನಿ, ಅವ ಲೆಕ್ಕ! ಹೆದರಿಬಿಟ್ಟೆ ರೀ. ಪೇಪರು ಓದಲೇ ಇಲ್ರಿ, ಬಾಯಾಗ ಇದ್ದದ್ದು ಬರದುಬಿಟ್ಟೆ.”

“ಯಾರಿಗೂ ಹೇಳಲಿಲ್ಲ?”

“ಮಾವ ನನ್ನ ಸಾಕ್ಯಾರ ರೀ. ಯಾರಿಗೆ ಹೇಳಲಿ?”

*

ಕುಬೇರಪ್ಪನವರು ಗಾದಿಯ ಮೇಲೆ ಒಬ್ಬರೇ ಕೂತಿದ್ದರು. ಫೌಜದಾರರು ಬಾಗಿಲು ಮುಂದೆ ಮಾಡಿದರು. ಎರಡು ಲಕೋಟೆ, ಎರಡು ಹಾಳೆ ಮುಂದಿಟ್ಟರು.

“ಮುದ್ರಿ ಭಟ್ಟಿ ಕಾವಿಗೆ ಕಿತ್ತೈತಿ. ಚೂರು ಇಲ್ಲಿ ಐತಿ, ನೋಡ್ರಿ. ಮಕ್ತುಮ ಕೊಟ್ಟದ್ದು ಪೇಪರಲ್ಲ. ಏನಂತ ಕೇಳಬ್ಯಾಡ್ರಿ, ನಾನೂ ಮರತೇನಿ.”

“ಹಂಗಾದ್ರ... ಛಲೋ ಆತು.”

“ಇನ್ನೊಂದು ಐತಿ. ಲಕೋಟಿ ಒಡದು ಕದ್ದವರಿಗೆ ಸಿಗೋದು ಅಚ್ಚಾದ ಪೇಪರು. ಅದರಾಗ ಏಳನೇ ಲೆಕ್ಕಕ್ಕ ಎರಡು ಐತಿ. ಮೂವತ್ತೆರಡು ಇರೂದು ಕೈಬರಹದ ಪ್ರತಿಯಾಗ ಮಾತ್ರ. ಆ ಪ್ರತಿ ಮೂರು ಕಡೆ ಇತ್ತು. ಬರದವರ ಹತ್ರ, ಅಚ್ಚುಕೂಟದಾಗ, ನಡುವ ಅದನ್ನ ಅಚ್ಚಿಗೆ ಒಯ್ದ ನಿಮ್ಮ ಕೈಯಾಗ. ಬರದವರಿಗೆ, ಅಚ್ಚುಕೂಟದವರಿಗೆ ಗುದ್ಲೆಪ್ಪ ಯಾರಂತ ಗೊತ್ತಿಲ್ಲ.”

ಕುಬೇರಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೋಳು ತಲೆಯಲ್ಲಿ ಅವರು ಒಮ್ಮೆಲೇ ಮುದುಕರಾಗಿ ಕಂಡರು.

“ಇನ್ನೊಮ್ಮೆ ಪರೀಕ್ಷಾ ಆದ್ರ ಹುಡುಗ ಸಿಕ್ಕೊಳ್ತಾನ. ಅದಕ್ಕ ಹಾನಗಲ್ಲಿನಾಗ ಒಬ್ಬ ಕಳ್ಳ ಬೇಕಾಗಿತ್ತು ನಿಮಗ. ಹೌದಲ್ರಿ?”

“ನಮ್ಮಕ್ಕ ಸಾಯೋವಾಗ ನನ್ನ ಕೈ ಹಿಡದು, ಅವನ್ನ ಓದಸು ಅಂದ್ಲು ರೀ. ಅವಗ ತಲಿಗೆ ಹತ್ತವಲ್ದು. ನಾ ಏನು ಮಾಡಲಿ?”

“ಹಿತ್ತಲದಾಗ ಪಂಪು ಬಿಚ್ಯಾನ, ನೋಡೀರೇನು? ಮಿಸ್ತ್ರಿ ಕೈ ಬಿಟ್ಟದ್ದು. ಅದ ಅವನ ಓದು. ಹುಬ್ಬಳ್ಳಿ ವರ್ಕ್‌ಶಾಪಿಗೆ ಹಾಕ್ರಿ. ನಿಮ್ಮಕ್ಕ ಬ್ಯಾಡ ಅಂತಿದ್ಲೇನು?”

ಕುಬೇರಪ್ಪನವರು ಅತ್ತರು. ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡು, ಶಬ್ದವಿಲ್ಲದೆ. ಫೌಜದಾರರು ಕಿಟಕಿಯಾಚೆ ನೋಡುತ್ತ ಕಾದರು. ತಮ್ಮನೊಬ್ಬ ಅಕ್ಕನಿಗೆ ಕೊಟ್ಟ ಮಾತು; ಅದಕ್ಕಾಗಿ ಒಬ್ಬ ಮುದುಕನನ್ನೂ ಒಬ್ಬ ಹುಡುಗಿಯನ್ನೂ ಬಲಿಗೊಡಲು ಹೊರಟಿದ್ದ. ಎರಡೂ ನಿಜವಾಗಿದ್ದವು.

“ನನ್ನ ಹತ್ರ ಇದ್ದದ್ದು ಮುದ್ರಿ ಒಡದ ಪ್ರಕರಣ. ಅದಕ್ಕ ಗುನ್ಹೆಗಾರ ಇಲ್ಲ, ಮುಗೀತು. ಇದು ನಿಧಿಯ ಮಾತು. ನಿಮ್ಮ ಸದಸ್ಯರಿಗೆ ನೀವ ಹೇಳ್ರಿ. ಆದ್ರ ಮೊದಲು ಆಡೂರಿಗೆ ಬರ್ರಿ. ಅಲ್ಲಿ ಹುಡಿಗಿಗೆ ಕಳ್ಳಿ ಅಂತ ಹೆಸರು ಬಂದೈತಿ. ಅದನ್ನ ತೊಳಿಯೋದು ನಿಮ್ಮ ಬಾಯಿಂದ ಆಗಬೇಕು.”

“ಗುದ್ಲೆಪ್ಪನ ಹೆಸರು...”

“ಅವನು ಮಾಡಿದ್ದೇನೈತಿ? ನಿಮ್ಮ ಹೆಸರಷ್ಟ ಸಾಕು.”

*

ಆಡೂರಿನ ಚಾವಡಿಯಲ್ಲಿ ಊರಿನ ಹಿರಿಯರು ಕೂಡಿದ್ದರು. ಮಕ್ತುಮಸಾಬನನ್ನು ಹಾನಗಲ್ಲಿನಿಂದ ಬಂಡಿಯಲ್ಲಿ ಕರೆತಂದು, ಬೇಡವೆಂದರೂ ಜಮಖಾನದ ಮೇಲೆ ಕೂರಿಸಿದ್ದರು. ಕಂಬದ ಮರೆಗೆ ಅಡಿವೆವ್ವ, ಪಕ್ಕಕ್ಕೆ ಸರೋಜವ್ವ.

ಕುಬೇರಪ್ಪನವರು ನಿಂತೇ ಹೇಳಿದರು. ಬರಿತಲೆಯಲ್ಲಿ. ಪತ್ರಿಕೆ ಹೊರಗೆ ಬಿಟ್ಟದ್ದು ತಾನು. ತಪ್ಪು ಮುಚ್ಚಲು ಬೇರೆಯವರ ಮೇಲೆ ಹಾಕಿದ್ದೂ ತಾನು. ಸಿಪಾಯಿ ನಿರಪರಾಧಿ. ಹುಡುಗಿ ಮಾಡಿದ ಲೆಕ್ಕ ಎಲ್ಲವೂ ಸರಿ, ಮೊದಲನೆಯವಳು ಅವಳೇ. ತಾನು ಇಂದಿನಿಂದ ಸೆಕ್ರೆಟರಿ ಅಲ್ಲ. ಧ್ವನಿ ಒಂದೆರಡು ಕಡೆ ಒಡೆಯಿತು. ನಿಲ್ಲಲಿಲ್ಲ.

ಮುಗಿದ ಮೇಲೆ ಯಾರೋ ಒಬ್ಬರು ನೀರಿನ ಚೊಂಬು ತಂದು ಅವರ ಕೈಗೆ ಕೊಟ್ಟರು. ಮಕ್ತುಮಸಾಬ ಸರಿದು ಜಮಖಾನದ ಮೇಲೆ ಜಾಗ ಮಾಡಿದ. “ಕುಂದರ್ರಿ ಸಾವಕಾರ್ರ, ಬಿಸಲಾಗ ಬಂದೀರಿ.”

ದ್ಯಾಮಪ್ಪ ಮೂಲೆಯಲ್ಲಿ ಕೂತಿದ್ದ. ಒರಟು ಕೈ, ಕೆದರಿದ ಮೀಸೆ. ಇಷ್ಟು ಹೊತ್ತೂ ತಲೆ ಎತ್ತಿರಲಿಲ್ಲ. ಮಗಳು ಉಸಿರು ಹಿಡಿದು ಅವನನ್ನೇ ನೋಡುತ್ತಿದ್ದಳು. ಫೌಜದಾರರೂ ನೋಡುತ್ತಿದ್ದರು. ಮುದ್ರೆ ಕೂಡಿಸುವುದು ಸುಲಭವಾಗಿತ್ತು. ಇದು ಅವರ ಕೈಯಲ್ಲಿರಲಿಲ್ಲ.

ಕೊನೆಗೆ ದ್ಯಾಮಪ್ಪ ಎದ್ದ. ಹೆಗಲ ವಸ್ತ್ರ ಜಾಡಿಸಿಕೊಂಡ. ಸರೋಜವ್ವನ ಮುಂದೆ ಬಂದು ನಿಂತು, ಗಂಟಲು ಸರಿಮಾಡಿಕೊಂಡ.

“ಅಕ್ಕಾರ, ಆ ಧಾರವಾಡದ ಬೋರ್ಡಿಂಗಿನಾಗ ರೊಟ್ಟಿ ಮಾಡ್ತಾರೇನ್ರಿ? ಇಲ್ಲಾ ಬರೇ ಅನ್ನಾನೋ? ನಮ್ಮ ಹುಡಿಗಿಗೆ ಅನ್ನ ತಿಂದ್ರ ಹೊಟ್ಟಿ ತುಂಬೂದಿಲ್ರಿ.”

ಸರೋಜವ್ವ ಬಾಯಿ ತೆರೆಯುವ ಮೊದಲೇ ಕಂಬದ ಮರೆಯಿಂದ ಮಾತು ಬಂತು.

“ಅನ್ನಾನೂ ತಿಂತೇನಿ, ಅಪ್ಪಾ.”